ಆಸ್ಪತ್ರೆಯಿಂದ ಬಂದವರ ಬಾಣಂತನ

ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ಲೆಕ್ಕ ಇರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗು ಮನೆಗೆ ಬಂತೆಂದರೆ ಮೂರನೆಯ ದಿನ, ಏಳನೆಯ ದಿನ, ಆಮೇಲೆ 14, 21, 28, ಕೊನೆಗೆ 42ನೆಯ ದಿನ ಆಕೆ ಆ ಬಾಗಿಲಿಗೆ ಹೋಗಬೇಕು. ಮಗುವನ್ನು ತೂಗಬೇಕು, ಮೈ ಬಿಸಿ ನೋಡಬೇಕು, ಹಾಲು ಕುಡಿಯುತ್ತಿದೆಯೇ, ಹೊಕ್ಕುಳು ಒಣಗಿದೆಯೇ, ತಾಯಿಗೆ ಜ್ವರವೇನಾದರೂ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. 2011ರಿಂದ ದೇಶದಲ್ಲಿ ನಡೆದುಬಂದಿರುವ ವ್ಯವಸ್ಥೆ ಇದು. ತಾಯಿ ಮಗುವನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಟ್ಟುಬರಲು ನಮ್ಮ ರಾಜ್ಯದಲ್ಲಿ ಬೇರೆಯೇ ವಾಹನವಿದೆ. ಅದಕ್ಕೆ ‘ನಗು-ಮಗು’ ಎಂದು ಹೆಸರಿಟ್ಟವರು ಯಾರೋ ಏನೋ, ಸರ್ಕಾರಿ ಕಡತಗಳಲ್ಲಿ ಇಷ್ಟು ಚೆಂದದ ಹೆಸರು ಅಪರೂಪ.

ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜನೊಬ್ಬರು ಆಪರೇಷನ್ ಮುಗಿಸಿಕೊಂಡು ಬಾಡಿಗೆ ಕಾರಿನಲ್ಲಿ ಬಂದಿಳಿಯುತ್ತಾರೆ ಎಂದುಕೊಳ್ಳಿ. ಜೊತೆಗೊಂದು ಫೈಲು, ಎಕ್ಸ್‌ರೇ ತುಂಬಿದ ದೊಡ್ಡ ಕವರು, ಮಾತ್ರೆಗಳ ಚೀಲ, ಇನ್ನೂ ಪ್ಲಾಸ್ಟಿಕ್ ಬಿಚ್ಚದ ವಾಕರ್. ಬಾಗಿಲಲ್ಲಿ ಆರತಿ ಎತ್ತುತ್ತಾರೆ. ದೃಷ್ಟಿ ನಿವಾಳಿಸುತ್ತಾರೆ. ‘ಅಂತೂ ದೇವರು ದೊಡ್ಡವನು’ ಎನ್ನುತ್ತಾರೆ. ಅಲ್ಲಿಗೆ ಶಾಸ್ತ್ರ ಮುಗಿಯಿತು. ಮೂರನೆಯ ದಿನ ಆ ಬಾಗಿಲು ತಟ್ಟುವವರು ಯಾರು? ಹಾಸಿಗೆ ಹಿಡಿದ ಹಿರಿಯರ ಮನೆಗೆ ಆರೋಗ್ಯ ಸಿಬ್ಬಂದಿ ಹೋಗಬೇಕೆಂಬ ಮಾತು ಸರ್ಕಾರದ ಕಾರ್ಯಕ್ರಮಗಳಲ್ಲೂ ಇದೆ. ಆದರೆ ಮಗುವಿಗೆ ಎಣಿಸಿದಂತೆ ದಿನ ಎಣಿಸಿ ಬರುವವರನ್ನು ಕಾಣುವುದು ಕಷ್ಟ.

ಸರ್ಕಾರದ ಲೆಕ್ಕ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಮನೆಗಳ ಹೆಂಗಸರಿಗೆ ಇಂಥದೊಂದು ಲೆಕ್ಕ ಗೊತ್ತಿತ್ತು. ಬಾಣಂತನವೆಂದರೆ ಹಂಡೆಯ ಬಿಸಿನೀರು, ಎಣ್ಣೆ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಲೇಹ್ಯ ಎಂದಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ. ಅದಕ್ಕಿಂತ ದೊಡ್ಡದು ಅದರ ಹಿಂದಿದ್ದ ಏರ್ಪಾಟು. ನೀರು ಹಾಕುವವರು ಯಾರು, ರಾತ್ರಿ ಮಗು ಅತ್ತರೆ ಏಳುವವರು ಯಾರು, ಚೊಚ್ಚಲಾದರೆ ಯಾವ ಮನೆಯ ಹೊಣೆ, ಎಷ್ಟು ದಿನ, ಎಲ್ಲವೂ ಕೇಳದೆಯೇ ತೀರ್ಮಾನವಾಗಿರುತ್ತಿತ್ತು. ಅದರಲ್ಲಿ ತಪ್ಪುಗಳೂ ಇದ್ದವು. ಬಾಣಂತಿಗೆ ನೀರು ಕೊಡಬಾರದು, ಕಿಟಕಿ ತೆಗೆಯಬಾರದು ಎಂಬ ಕಟ್ಟಳೆಗಳಿಂದ ನರಳಿದವರು ಕಡಿಮೆಯೇನಲ್ಲ. ಆದರೂ ಹೆರಿಗೆ ಮುಗಿದ ಮಾತ್ರಕ್ಕೆ ಹೆಣ್ಣು ಎದ್ದು ನಿಲ್ಲುವುದಿಲ್ಲ, ಮೈ ಕೂಡಿಕೊಳ್ಳಲು ಕಾಲ ಬೇಕು, ಆ ಕಾಲದ ಭಾರ ಸುತ್ತಲಿನವರದು ಎಂಬ ತಿಳಿವಳಿಕೆ ಅದರ ಬುಡದಲ್ಲಿತ್ತು. ಆ ತಿಳಿವಳಿಕೆಯನ್ನು ನಾವು ಬಾಣಂತಿಯ ಕೋಣೆಯಿಂದ ಹೊರಗೆ ತರಲೇ ಇಲ್ಲ. ಆಸ್ಪತ್ರೆಯಿಂದ ಬಂದ ಪ್ರತಿಯೊಬ್ಬರಿಗೂ, ಗಂಡಸಾಗಲಿ ಮುದುಕರಾಗಲಿ, ಒಂದು ಬಾಣಂತನ ಬೇಕು ಎಂಬುದು ಈ ಬೆಳಗಿನ ನನ್ನ ಯೋಚನೆ.

ಡಿಸ್ಚಾರ್ಜ್ ಎಂದ ಕೂಡಲೇ ಗುಣವಾಯಿತೆಂದು ಮನೆಯವರು ತಿಳಿಯುತ್ತಾರೆ. ಉಳಿದದ್ದನ್ನು ಇನ್ನು ಮನೆಯಲ್ಲಿ ಮಾಡಬಹುದು ಎಂದಷ್ಟೇ ಡಾಕ್ಟರು ಹೇಳಿರುತ್ತಾರೆ. ಆ ಉಳಿದದ್ದು ಸಣ್ಣದಲ್ಲ. ಮೂರು ಪಾಳಿಯಲ್ಲಿ ನರ್ಸುಗಳು, ಆಯಾಗಳು, ವಾರ್ಡ್‌ಬಾಯ್‌ಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲ ಒಂದೇ ಮಧ್ಯಾಹ್ನದಲ್ಲಿ ಒಬ್ಬ ಹೆಂಡತಿಯ, ಇಲ್ಲವೇ ಒಬ್ಬ ಸೊಸೆಯ ಕೈಗೆ ಬರುತ್ತದೆ. ಅದನ್ನು ಕಲಿಸಿಕೊಡಲು ಇಡುವ ಸಮಯ ಐದು ನಿಮಿಷ, ಅದೂ ಚೀಲಗಳೆಲ್ಲ ಕಟ್ಟಿ ಎಲ್ಲರೂ ಎದ್ದು ನಿಂತಿರುವಾಗ. ಅದೇ ದಿನ ವಿಮೆಯ ಒಪ್ಪಿಗೆಗಾಗಿ ಬಿಲ್ ಕೌಂಟರಿನ ಮುಂದೆ ಕಾಯುವುದು ಮಾತ್ರ ಗಂಟೆಗಟ್ಟಲೆ. ಆಸ್ಪತ್ರೆ ಕೇಳಿದ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ವಿಮಾ ಕಂಪನಿಗಳಿಗೆ ಹೇಳಬೇಕಾಗಿ ಬಂತು. ಕಾಯುವ ಆ ಹೊತ್ತಿನಲ್ಲೇ ನರ್ಸಮ್ಮನನ್ನು ನಿಲ್ಲಿಸಿ ಕೇಳಿಕೊಳ್ಳುವುದು ಒಳ್ಳೆಯದು: ಹೊಲಿಗೆ ಬಿಚ್ಚುವುದು ಯಾವಾಗ, ಸ್ನಾನ ಯಾವತ್ತಿನಿಂದ, ಗಾಯ ಹೇಗಿದ್ದರೆ ಹೆದರಬೇಕು, ಹೇಗಿದ್ದರೆ ಹೆದರಬೇಕಿಲ್ಲ, ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡುವುದು. ಇನ್ನೊಂದು ಮಾತು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧಿ, ತಪಾಸಣೆ ಪ್ಯಾಕೇಜಿನೊಳಗೇ ಸೇರಿವೆ. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ.

ವಾರ್ಡಿನ ಹೊರಗೆ ಕಾದು ಕೂತ ಬಂಧುಗಳನ್ನು ಬೇರೆ ಕಣ್ಣಿನಿಂದ ನೋಡಿದವರೂ ಇದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿ ಉಳಿಸಿಕೊಂಡು ಆರೈಕೆಯಲ್ಲಿ ಸೇರಿಸಿಕೊಂಡರು. ಮೊನ್ನೆ ಮೊನ್ನೆ, ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳ ಒಂದು ಗುಂಪು ಬೆಂಗಳೂರಿನ ಹೃದಯದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಕೂತಿದ್ದ ಕುಟುಂಬಗಳನ್ನು ಕಂಡು, ಇವರಿಗೇ ಏಕೆ ಕಲಿಸಬಾರದು ಎಂದುಕೊಂಡಿತು. ಅದರಿಂದ ಹುಟ್ಟಿದ ‘ನೂರಾ ಹೆಲ್ತ್’ ಈಗ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲೂ ನರ್ಸುಗಳ ಕೈಯಿಂದ ಮನೆಯವರಿಗೆ ಪಾಠ ಹೇಳಿಸುತ್ತಿದೆ. ಕೈ ತೊಳೆಯುವುದು ಹೇಗೆ, ಯಾವ ಲಕ್ಷಣ ಕಂಡರೆ ತಡಮಾಡದೆ ಓಡಬೇಕು, ಇಂಥವೇ. ಪಾಠದಲ್ಲಿ ಹೊಸದೇನಿಲ್ಲ. ಆದರೆ ಕೂರಿಸಿ, ಸಮಾಧಾನವಾಗಿ, ಅವರ ಭಾಷೆಯಲ್ಲಿ ಹೇಳುವುದು ಹೊಸದು.

ಇನ್ನು ಮನೆಗೆ ಬಂದ ಮೇಲಿನ ಕತೆ. ಮೊದಲ ರಾತ್ರಿ ಅನೇಕರಿಗೆ ನಿದ್ದೆ ಬರುವುದಿಲ್ಲ. ಆಸ್ಪತ್ರೆಯ ದೀಪ, ಮಾನಿಟರಿನ ಸದ್ದು, ನಡುರಾತ್ರಿ ಬಿಪಿ ನೋಡಲು ಎಬ್ಬಿಸುವವರು ಇವುಗಳ ನಡುವೆ ಹಗಲು ರಾತ್ರಿ ಅದಲುಬದಲಾಗಿರುತ್ತವೆ. ವಯಸ್ಸಾದವರಾದರೆ ಸೊಸೆಯನ್ನು ನರ್ಸ್ ಎಂದು ಕರೆಯಬಹುದು, ‘ಇದು ಯಾರ ಮನೆ’ ಎಂದು ಕೇಳಬಹುದು. ಮನೆಯವರು ಬೆಚ್ಚಿಬೀಳುತ್ತಾರೆ, ತಲೆ ಕೆಟ್ಟಿತೆಂದೇ ತಿಳಿಯುತ್ತಾರೆ. ಬಹಳಷ್ಟು ಸಲ ಅದು ತಾತ್ಕಾಲಿಕ ಗಲಿಬಿಲಿ. ಕನ್ನಡಕ ಹಾಕಿ, ಕಿವಿಯ ಮಿಷನ್ ಇದ್ದರೆ ಸಿಕ್ಕಿಸಿ, ಬೆಳಗಿನ ಬೆಳಕು ಬೀಳುವ ಕಿಟಕಿಯ ಹತ್ತಿರ ಕೂರಿಸಿ, ಇವತ್ತು ಯಾವ ವಾರ ಎಂದು ಮಾತಾಡುತ್ತಿದ್ದರೆ ದಿನದಿನಕ್ಕೆ ತಿಳಿಯಾಗುತ್ತದೆ. ಆದರೆ ಅದರ ಜೊತೆಗೆ ಜ್ವರ ಬಂದರೆ, ಮಂಪರು ಹೆಚ್ಚಿದರೆ, ಮೂತ್ರ ಕಟ್ಟಿದರೆ ಡಾಕ್ಟರಿಗೆ ತಿಳಿಸಲೇಬೇಕು. ಯೇಲ್ ವಿಶ್ವವಿದ್ಯಾಲಯದ ಹೃದ್ರೋಗ ವೈದ್ಯ ಹಾರ್ಲನ್ ಕ್ರುಮ್‌ಹೋಲ್ಜ್ 2013ರಲ್ಲಿ ಆಸ್ಪತ್ರೆಯಿಂದ ಬಂದವರ ಇಂಥ ದುರ್ಬಲ ಸ್ಥಿತಿಯ ಬಗ್ಗೆ ಬರೆದರು. ಅಮೆರಿಕದಲ್ಲಿ ಸರ್ಕಾರಿ ವಿಮೆಯ ಹಿರಿಯ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಎಷ್ಟೋ ಮಂದಿ ಮೊದಲಿನ ಕಾಯಿಲೆಗಲ್ಲ, ಬೇರೊಂದಕ್ಕೆ. ನಿದ್ದೆಗೆಟ್ಟು, ಹೊಟ್ಟೆಗೆ ಸರಿಯಾಗಿಲ್ಲದೆ, ನೋವು ತಿಂದು, ಹಾಸಿಗೆಯಲ್ಲೇ ಬಿದ್ದಿದ್ದು ಸೋತ ದೇಹ ಮನೆಗೆ ಬಂದ ಮೇಲೂ ಕೆಲವು ವಾರ ಯಾವುದಕ್ಕೂ ತಡೆಯದಂತೆ ಇರುತ್ತದೆ ಎಂಬುದು ಅವರ ವಾದ. ಹಳೆಯ ಕಾಲದ ಸೂಲಗಿತ್ತಿಗೆ ಈ ವಾದ ಹೇಳಿದ್ದರೆ ‘ಹಸಿ ಮೈ’ ಎಂದು ಎರಡೇ ಮಾತಿನಲ್ಲಿ ಒಪ್ಪಿಕೊಳ್ಳುತ್ತಿದ್ದಳು.

ಆದರೆ ಹಸಿ ಮೈಯೆಂದು ಅಲುಗಾಡದಂತೆ ಮಲಗಿಸಿಬಿಡುವುದು ಇನ್ನೊಂದು ಅಪಾಯ. ‘ನೀವು ಏಳಬೇಡಿ ಮಾವ, ಏನು ಬೇಕೋ ಹೇಳಿ, ನಾನು ತಂದುಕೊಡ್ತೀನಿ.’ ಈ ಮಾತಿನಲ್ಲಿ ಪ್ರೀತಿ ತುಂಬಿದೆ, ವೈದ್ಯ ಮಾತ್ರ ಇಲ್ಲ. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿಹೋಗಿತ್ತು. ಕಾಯಿಲೆ ಇದ್ದವರ ಪಾಡು ಇನ್ನು ಹೇಳಬೇಕಿಲ್ಲ. ಅದಕ್ಕೇ ಫಿಸಿಯೋಥೆರಪಿಯವರು ‘ಎದ್ದೇಳಿ, ಎರಡು ಹೆಜ್ಜೆ ಇಡಿ’ ಎಂದು ಪೀಡಿಸುವುದು. ವಾಕರಿನ ಹಿಡಿ ನಿಂತಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಇಲ್ಲವಾದರೆ ಬೆನ್ನು ಬಾಗುತ್ತದೆ. ನೆಲದ ಮೇಲಿನ ಚಾಪೆ, ಕಾಲೊರಸು, ಅಡ್ಡ ಹಾಯ್ದ ವೈರು ಎಲ್ಲ ತೆಗೆಯಬೇಕು. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಬೇಕು. ನಮ್ಮ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲು ಹಿತ್ತಿಲಲ್ಲಿ, ಪಾಯಿಖಾನೆ ಅದಕ್ಕೂ ಆಚೆ. ಸೊಂಟದ ಆಪರೇಷನ್ ಆದವರು ಕುಕ್ಕರುಗಾಲಲ್ಲಿ ಕೂರುವಂತಿಲ್ಲ. ಆಗ ಕಮೋಡ್ ಚೇರು ತರಬೇಕಾಗುತ್ತದೆ.

ಆ ಚೇರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ನಡುಮನೆಯ ಪಕ್ಕದ ಕೋಣೆಗೆ ಬಂದ ದಿನವೇ ಮನೆಯ ಹಿರಿಯರೊಳಗೆ ಏನೋ ಕುಸಿಯುತ್ತದೆ. ಅರವತ್ತು ವರ್ಷ ಬೆಳಗಿನ ಜಾವ ಎದ್ದು, ತಂಬಿಗೆ ಹಿಡಿದು, ಯಾರ ಕಣ್ಣಿಗೂ ಬೀಳದೆ ಶೌಚ ಮುಗಿಸಿಕೊಂಡು ಬಂದ ಮನುಷ್ಯ ಈಗ ‘ಆಯ್ತು’ ಎಂದು ಕೂಗಿ ಹೇಳಬೇಕು. ಬಂದು ತೊಳೆಯುವವರು ಯಾರು? ಮಗ ಆಫೀಸಿಗೆ ಹೋಗಿದ್ದಾನೆ, ಹೆಂಡತಿಗೆ ಮಂಡಿ ನೋವು, ಉಳಿದವಳು ಸೊಸೆ. ಇಬ್ಬರಿಗೂ ನಾಚಿಕೆ, ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವರು ಈ ಸಂಕೋಚಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಊಟ ಅರ್ಧಕ್ಕೆ ಬಿಡುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ ಎಂದು ಮತ್ತೆ ಆಸ್ಪತ್ರೆಗೆ ಹೋದಾಗಲೂ ನಿಜವಾದ ಕಾರಣ ಯಾರ ಬಾಯಿಂದಲೂ ಬರುವುದಿಲ್ಲ. ದಿನಕ್ಕೆ ಒಂದು ಗಂಟೆಗಾದರೂ ಒಬ್ಬ ಹೋಂ ನರ್ಸ್ ಸಿಕ್ಕರೆ, ಅಥವಾ ಮಗ ಬೆಳಗಿನ ಈ ಒಂದು ಕೆಲಸವನ್ನು ತನ್ನದೆಂದುಕೊಂಡರೆ, ಅರ್ಧ ಕಾಯಿಲೆ ಕಡಿಮೆಯಾದಂತೆಯೇ. ಅಪ್ಪನ ಆಪರೇಷನ್ನಿಗೆ ದುಡ್ಡು ಕಟ್ಟಿದೆ ಎನ್ನುವ ಗಂಡುಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಅಪ್ಪನ ಕಾಲು ಒರೆಸಿದೆ ಎನ್ನುವವರನ್ನು ಹುಡುಕಬೇಕು. ತೊಳೆಯುವಾಗ ಬಾಗಿಲು ಮುಂದೆ ಮಾಡಿ, ಮೈಮೇಲೆ ಒಂದು ಟವೆಲು ಹೊದಿಸಿ, ಮಳೆಯ ಮಾತೋ ಅಡಿಕೆ ರೇಟಿನ ಮಾತೋ ತೆಗೆಯುವುದು ಯಾವ ಪುಸ್ತಕದಲ್ಲೂ ಇಲ್ಲದ ಶುಶ್ರೂಷೆ.

ಮಾತ್ರೆಗಳ ವಿಚಾರ ಬೇರೆಯದೇ ಒಗಟು. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ, ಮಾತ್ರೆಯ ಮುಂದೆ 1-0-1 ಎಂದಿರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಗೊತ್ತಿದ್ದವರಿಗೆ ಸುಲಭ, ಗೊತ್ತಿಲ್ಲದವರಿಗೆ ಅದು ಫೋನ್ ನಂಬರಿನ ಹಾಗೆ ಕಾಣುತ್ತದೆ. ದೊಡ್ಡ ಅಪಾಯ ಇನ್ನೊಂದಿದೆ. ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ಬಿಪಿ ಮಾತ್ರೆ ಇರುತ್ತದೆ. ಆಸ್ಪತ್ರೆಯವರು ಅದೇ ಔಷಧಿಯನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವ ಅಮ್ಲೋಡಿಪಿನ್ ಒಂದೇ. ಎರಡನ್ನೂ ನುಂಗಿದ ಅಜ್ಜ ಬೆಳಿಗ್ಗೆ ಏಳುವಾಗ ತಲೆ ತಿರುಗಿ ಬೀಳುತ್ತಾರೆ. ಅದಕ್ಕೇ ಹಳೆಯ ಡಬ್ಬಿ, ಹೊಸ ಚೀಲ ಎರಡನ್ನೂ ಡಾಕ್ಟರ ಮುಂದೆಯೋ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟರ ಮುಂದೆಯೋ ಸುರಿದು, ಯಾವುದು ಇರಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಕೇಳಬೇಕು. ಆಮೇಲೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಗೋಡೆಗೆ ತೂಗುಹಾಕಿದರೆ, ಎಂಟನೇ ಕ್ಲಾಸಿನ ಮೊಮ್ಮಗಳೂ ಮಾತ್ರೆ ಎತ್ತಿಕೊಡಬಲ್ಲಳು. ಹೃದಯ ಸೋತು ಮೈಯಲ್ಲಿ ನೀರು ತುಂಬುವ ತೊಂದರೆ ಇದ್ದವರಿಗೆ ಇನ್ನೂ ಒಂದು ಬೆಳಗಿನ ಕೆಲಸವಿದೆ. ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡುವುದು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ಪುಷ್ಟಿಯಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಬೇಕು.

ಪಥ್ಯದಲ್ಲಿ ನಮ್ಮವರದು ಅತಿ. ಹೊಲಿಗೆ ಹಾಕಿದೆ ಎಂದರೆ ಸಾಕು, ಬದನೆಕಾಯಿ ನಂಜು, ಆಲೂಗಡ್ಡೆ ನಂಜು, ಅವರೆಕಾಳು ನಂಜು, ಮೊಟ್ಟೆ ಬೇಡವೇ ಬೇಡ. ಮೂರು ಹೊತ್ತೂ ಗಂಜಿ, ಇಲ್ಲವೇ ಬ್ರೆಡ್ಡು ಹಾಲು. ಮೊದಲೆರಡು ದಿನ ಬಾಯಿ ಕೆಟ್ಟಾಗ ಗಂಜಿಯ ಜೊತೆ ನಿಂಬೆ ಉಪ್ಪಿನಕಾಯಿಯ ರಸಕ್ಕಿಂತ ರುಚಿಯಾದದ್ದು ಇಲ್ಲ, ಒಪ್ಪೋಣ. (ಉಪ್ಪು ಬೇಡವೆಂದು ಡಾಕ್ಟರು ಹೇಳಿದ್ದರೆ ಅದೂ ಇಲ್ಲ.) ಆದರೆ ಗಾಯ ಕೂಡಬೇಕಾದರೆ, ಕರಗಿದ ಮಾಂಸಖಂಡ ಮರಳಬೇಕಾದರೆ ತೊವ್ವೆ, ಮೊಳಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇವೆಲ್ಲ ಬೇಕು. ಬಾಣಂತಿಗೆ ತುಪ್ಪ ಹಾಕಿ ಬಡಿಸುವ ಕೈ ರೋಗಿಗೆ ಬಡಿಸುವಾಗ ಮಾತ್ರ ಏಕೆ ಹಿಡಿತ ಮಾಡುತ್ತದೋ ತಿಳಿಯದು.

ನೋಡಲು ಬರುವವರಿಂದ ಒಂದು ಸಮಾಧಾನವೂ ಇದೆ, ಒಂದು ಕಾಟವೂ ಇದೆ. ಕೈಯಲ್ಲಿ ಹಾರ್ಲಿಕ್ಸ್, ಸೇಬು, ಎಳನೀರು. ಸಕ್ಕರೆ ಕಾಯಿಲೆಯವರಿಗೆ ಮೊದಲನೆಯದು ಆಗದು, ಕಿಡ್ನಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ಒಳ್ಳೆಯದಲ್ಲ. ತಂದದ್ದನ್ನಾದರೂ ಪಕ್ಕಕ್ಕಿಡಬಹುದು. ‘ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು, ಆಪರೇಷನ್ ಏನೋ ಚೆನ್ನಾಗೇ ಆಯ್ತು, ಆಮೇಲೆ...’ ಎಂದು ಶುರುವಾಗುವ ಕತೆಯನ್ನು ಎಲ್ಲಿಡುವುದು? ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ 1859ರ ಹೊತ್ತಿಗೆ ಬರೆದ ಪುಟ್ಟ ಪುಸ್ತಕದಲ್ಲಿ, ರೋಗಿಗೆ ಪೊಳ್ಳು ಭರವಸೆ ಮತ್ತು ಪುಕ್ಕಟೆ ಸಲಹೆ ಕೊಡುವವರಿಗಾಗಿಯೇ ಒಂದು ಅಧ್ಯಾಯ ಇಟ್ಟಿದ್ದಾಳೆ. ಆಕೆ ನಮ್ಮ ಬೀದಿಯಲ್ಲಿ ಒಂದು ದಿನ ಕೂತಿದ್ದರೆ ಅಧ್ಯಾಯ ಇನ್ನೂ ಬೆಳೆಯುತ್ತಿತ್ತು. ‘ನಾನು ಮಧ್ಯಾಹ್ನ ಎರಡು ತಾಸು ಇಲ್ಲೇ ಕೂತಿರ್ತೀನಿ, ನೀವು ಹೋಗಿ ಮಲಕ್ಕೊಳ್ಳಿ ಅಕ್ಕಾ’ ಎನ್ನುವ ಪಕ್ಕದ ಮನೆಯಾಕೆಯ ಮುಂದೆ ಯಾವ ಹಣ್ಣಿನ ಬುಟ್ಟಿಯೂ ನಿಲ್ಲದು. ಏಕೆಂದರೆ ಆ ಮನೆಯಲ್ಲಿ ನಿಜಕ್ಕೂ ಸೋತಿರುವುದು ಆ ಅಕ್ಕ. ಆಕೆಯ ಬಿಪಿಯನ್ನು ಯಾರೂ ನೋಡಿರುವುದಿಲ್ಲ. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದರೆ ರಾತ್ರಿಯ ವಿಡಿಯೋ ಕಾಲಿನಲ್ಲಿ ‘ಅಪ್ಪ ಹೇಗಿದ್ದಾರೆ’ ಎಂದು ಕೇಳುತ್ತಾರೆ, ಮೈಸೂರಿನಲ್ಲಿ ಫೋನ್ ಹಿಡಿದು ನಿಂತಿರುವ ಅಮ್ಮ ‘ಪರವಾಗಿಲ್ಲ’ ಎನ್ನುತ್ತಾಳೆ. ಅಮ್ಮನ ಬಗ್ಗೆ ಎರಡನೇ ಪ್ರಶ್ನೆ ಕೇಳುವ ಮಗ ಅಥವಾ ಮಗಳಿಗೆ ಆ ಮನೆಯ ನಿಜ ತಿಳಿಯುತ್ತದೆ.

ಊರಿಗೆ ಊರೇ ಈ ಕೆಲಸಕ್ಕೆ ಕೈ ಹಚ್ಚಿದ ಉದಾಹರಣೆಗಳು ಇಲ್ಲದಿಲ್ಲ. ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾಥ್‌ಬೋನ್ ತನ್ನ ಹೆಂಡತಿಯ ಕೊನೆಯ ದಿನಗಳಲ್ಲಿ ಮನೆಯಲ್ಲೇ ಶುಶ್ರೂಷೆ ಮಾಡಿದ ಮೇರಿ ರಾಬಿನ್ಸನ್ ಎಂಬ ನರ್ಸನ್ನು 1859ರಲ್ಲಿ ಬಡವರ ಕೇರಿಗೆ ಕಳಿಸಿದ, ಮೂರು ತಿಂಗಳ ಮಟ್ಟಿಗೆ. ಒಂದು ತಿಂಗಳಿಗೇ ಆಕೆ, ಅಲ್ಲಿನ ಸಂಕಟ ನೋಡಲಾರೆ, ಬಿಟ್ಟುಬಿಡಿ ಎಂದು ಅಳುತ್ತ ಬಂದಳಂತೆ. ಆತ ಹೇಗೋ ಒಪ್ಪಿಸಿದ. ಮೂರು ತಿಂಗಳು ಮುಗಿದಾಗ ಆ ಕೇರಿಗಳನ್ನು ಬಿಟ್ಟು ಬರಲು ಆಕೆಗೇ ಮನಸ್ಸಿರಲಿಲ್ಲ. ಮನೆಮನೆಗೆ ಹೋಗುವ ನರ್ಸುಗಳ ಪದ್ಧತಿ ಇಂಗ್ಲೆಂಡಿನಲ್ಲಿ ಬೇರೂರಿದ್ದು ಹಾಗೆ. ನಮ್ಮ ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಶುರುಮಾಡಿದ ಉಪಶಮನ ಆರೈಕೆಯ ಕೆಲಸ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರ ಕೈಗೇ ಬಂತು. ಊರಿನವರೇ ಸ್ವಯಂಸೇವಕರಾಗಿ ತರಬೇತಿ ಪಡೆದು ನರ್ಸಿನ ಜೊತೆ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿಕೊಂಡಿತು. ಬೆಂಗಳೂರಿನ ಕರುಣಾಶ್ರಯವೂ ಮುಂದುವರಿದ ಕ್ಯಾನ್ಸರ್ ಇರುವವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ, ಅವರ ಮನೆಗಳಿಗೂ ಹೋಗುತ್ತಿದೆ. ಈ ಕೊನೆಯ ಎರಡೂ ಹೆಚ್ಚಾಗಿ ಗುಣವಾಗದ ನೋವಿನವರಿಗೆ ನೆರವಾಗಲು ಹುಟ್ಟಿದವು. ಗುಣವಾಗುವ ದಾರಿಯಲ್ಲಿರುವವರಿಗೆ ಯಾರೂ ಇಲ್ಲ, ಏಕೆಂದರೆ ಅವರು ಗುಣವಾದರೆಂದೇ ಲೆಕ್ಕ. 42 ದಿನದ ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ ಆಶಾ ಕಾರ್ಯಕರ್ತೆಯ ಮೇಲೆಯೇ ಇದನ್ನೂ ಹೊರಿಸಿ ಎಂದು ನಾನು ಹೇಳಲಾರೆ. ಆಕೆಗೆ ಸಿಗುವ ಗೌರವಧನ ನೋಡಿದವರು ಯಾರೂ ಹಾಗೆ ಹೇಳಲಾರರು. ಆದರೆ ಬೀದಿಗೊಬ್ಬರು ದಿನ ಎಣಿಸಬಹುದು. ‘ಇವತ್ತು ಮೂರನೇ ದಿನ ಅಲ್ವಾ, ನೋಡ್ಕೊಂಡು ಬರ್ತೀನಿ’ ಎನ್ನಲು ಯಾವ ಯೋಜನೆಯೂ ಬೇಕಿಲ್ಲ.

ಬಾಣಂತನಕ್ಕೆ ಒಂದು ಕೊನೆಯೂ ಇತ್ತು. ಕೆಲವು ಕಡೆ ಗಂಗೆಪೂಜೆ, ಬಾವಿಪೂಜೆ ಎಂದು ಮಾಡಿ ಬಾಣಂತಿಯ ಕೈಯಿಂದ ನೀರು ಸೇದಿಸುತ್ತಿದ್ದರು. ಅಲ್ಲಿಂದ ಆಕೆ ಮತ್ತೆ ಮನೆಯ ಕೆಲಸದವಳು. ಆಸ್ಪತ್ರೆಯಿಂದ ಬಂದವರಿಗೆ ಅಂಥ ದಿನವನ್ನು ಯಾರೂ ಗೊತ್ತುಮಾಡುವುದಿಲ್ಲ. ಹಾಗಾಗಿ ಎಷ್ಟೋ ಜನ ನಡೆಯಲು ಬಂದರೂ ರೋಗಿಯಾಗಿಯೇ ಉಳಿದುಬಿಡುತ್ತಾರೆ. ರೇಷನ್ ಕಾರ್ಡು, ಬೀರುವಿನ ಕೀಲಿ, ಹಾಲಿನವನ ಲೆಕ್ಕ ಎಲ್ಲ ಬೇರೆಯವರ ಕೈಗೆ ಹೋಗಿರುತ್ತದೆ, ಮರಳಿ ಕೇಳಲು ಅವರಿಗೆ ಸಂಕೋಚ, ಕೊಡಲು ಮನೆಯವರಿಗೆ ಭಯ. ಡಾಕ್ಟರು ಒಪ್ಪಿದ ಮೇಲೆ ಒಂದೊಂದಾಗಿ ಹಿಂದಿರುಗಿಸಬೇಕು. ಮೊದಲು ಹಾಲಿನ ಲೆಕ್ಕ, ಆಮೇಲೆ ತರಕಾರಿ ಸೋಸುವುದು, ಆಮೇಲೆ ಮೂಲೆಯ ಅಂಗಡಿಯವರೆಗೆ ಕೋಲೂರಿಕೊಂಡು ಹೋಗುವುದು. ಕೊತ್ತಂಬರಿ ಸೊಪ್ಪು ತರಲು ಹೋದ ಅಜ್ಜ ಪುದೀನ ಹಿಡಿದುಕೊಂಡು ಬಂದಾಗ, ಇಷ್ಟು ದಿನ ಗಂಡನ ಮೇಲೆ ದನಿ ಎತ್ತದಿದ್ದ ಅಜ್ಜಿ ‘ಕಣ್ಣು ಎಲ್ಲಿಟ್ಟುಕೊಂಡು ಹೋಗಿದ್ರಿ’ ಎಂದು ಅಡುಗೆಮನೆಯಿಂದಲೇ ಗದರುತ್ತಾಳೆ. ಅಜ್ಜ ಸುಮ್ಮನಿರುವುದಿಲ್ಲ, ಪುದೀನವೇ ಸಾರಿಗೆ ಒಳ್ಳೆಯದೆಂದು ವಾದಕ್ಕೆ ಕೂರುತ್ತಾರೆ.